ಆಯಸ್ಕಾಂತಕ್ಕೆ ಅಂಟದ ಕಾರು

ಅಮೆರಿಕದಲ್ಲಿ ಹಳೆಯ ಕಾರುಗಳ ಕೊಡುಕೊಳ್ಳುವಿಕೆಗೆ ಸಂಬಂಧಿಸಿದ ಒಂದು ಸಣ್ಣ ಆಚಾರವಿದೆ. ಕೊಳ್ಳಲು ಬಂದವನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಆಯಸ್ಕಾಂತವೊಂದನ್ನು ಜೇಬಿನಿಂದ ತೆಗೆದು, ಕಾರಿನ ಬಾಗಿಲಿನ ಕೆಳಅಂಚಿಗೆ, ಮಡ್‌ಗಾರ್ಡಿನ ತಿರುವಿಗೆ, ಹಿಂಭಾಗದ ಮೂಲೆಗೆ ತಾಗಿಸಿ ನೋಡುತ್ತಾನೆ. ಆಯಸ್ಕಾಂತ ಅಂಟಿಕೊಂಡರೆ ಅದು ಉಕ್ಕಿನ ಬಾಡಿ, ಜಾರಿ ಬಿದ್ದರೆ ಫೈಬರ್‌ಗ್ಲಾಸ್. ಮಾರುವವನು ಪಕ್ಕದಲ್ಲಿ ಮೌನವಾಗಿ ನಿಂತಿರುತ್ತಾನೆ. ಬಣ್ಣ ಒಂದೇ, ಆಕಾರ ಒಂದೇ, ಒಳಗಿನ ಎಂಜಿನ್ನಿನ ಗುಡುಗೂ ಒಂದೇ. ಆದರೂ ಆ ಕ್ಷಣದಲ್ಲಿ ಕಾರಿನ ಬೆಲೆಯಷ್ಟೇ ಅಲ್ಲ, ಅದರ ಕುಲವೂ ನಿರ್ಧಾರವಾಗಿಬಿಡುತ್ತದೆ.

ಕಾರಿನ ಬಗ್ಗೆ ವಿಶೇಷ ಮೋಹವಿಲ್ಲದ ನಾನು ಈ ವಿಷಯಕ್ಕೆ ಬಂದದ್ದು ಸಾಹಿತ್ಯದ ದಾರಿಯಿಂದ. ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ ಟಾಮ್ ವುಲ್ಫ್‌ನ ಬರಹಗಳ ಪರಿಚಯವಾಯಿತು. 1963ರಲ್ಲಿ ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಪ್ರಕಟವಾಗಿ, 1965ರಲ್ಲಿ ಅವನ ಮೊದಲ ಪುಸ್ತಕಕ್ಕೆ ಹೆಸರನ್ನೂ ಕೊಟ್ಟ ಪ್ರಬಂಧದಲ್ಲಿ ವುಲ್ಫ್ ಕ್ಯಾಲಿಫೋರ್ನಿಯಾದ ಕಾರು ರೂಪಾಂತರಕಾರರನ್ನು ಕಲಾವಿದರೆಂದೇ ಪರಿಗಣಿಸಿದ. ಅಂದು ಅದನ್ನು ಶೈಲಿಯ ಚಮತ್ಕಾರವೆಂದು ಓದಿ ಮುಗಿಸಿದ್ದೆ. ಈಗ ವರ್ಷಗಟ್ಟಲೆ ಕಡತಗಳ ನಡುವೆ ಕುಳಿತು ‘ಮೂಲಪ್ರತಿಯೊಂದಿಗೆ ತಾಳೆ ನೋಡಲಾಗಿದೆ’ ಎಂಬ ಮುದ್ರೆಯ ಕೆಳಗೆ ಸಹಿ ಮಾಡುತ್ತ ಬಂದಮೇಲೆ, ಆ ಕಾರುಗಳು ಎತ್ತುವ ಪ್ರಶ್ನೆ ಬೇರೆಯಾಗಿ ಕಾಣುತ್ತದೆ. ಮೂಲ ಎಂದರೆ ಯಾವುದು? ನಕಲಿಗೆ ತನ್ನದೇ ಆದ ಮಾನವಿದೆಯೇ? ಅದನ್ನು ಇತಿಹಾಸದ ಮೂಲಕವೇ ನೋಡಬೇಕು.

*

ಹಾಟ್ ರಾಡ್ ಎಂಬುದು ಕಾರ್ಖಾನೆಯಲ್ಲಿ ಹುಟ್ಟಿದ ವಸ್ತುವಲ್ಲ. ಹಳೆಯ, ಅಗ್ಗದ ಕಾರೊಂದನ್ನು ತಂದು, ಅನಗತ್ಯವೆನಿಸಿದ ಭಾಗಗಳನ್ನೆಲ್ಲ ಕಿತ್ತು ಹಗುರ ಮಾಡಿ, ಎಂಜಿನ್ನನ್ನು ಬಲಪಡಿಸಿ, ವೇಗಕ್ಕಾಗಿ ಮರುಹುಟ್ಟು ಕೊಟ್ಟ ವಾಹನ ಅದು. ಅದರ ತೊಟ್ಟಿಲು ದಕ್ಷಿಣ ಕ್ಯಾಲಿಫೋರ್ನಿಯಾ. ಲಾಸ್ ಏಂಜಲೀಸಿನ ಆಚೆ, ಮೊಹಾವಿ ಮರುಭೂಮಿಯಲ್ಲಿ ಮ್ಯುರಾಕ್, ಎಲ್ ಮಿರಾಜ್ ಮುಂತಾದ ಒಣಕೆರೆಗಳಿವೆ. ನೀರು ಆರಿ, ಮಣ್ಣು ಗಟ್ಟಿಯಾಗಿ, ಮೈಲಿಗಟ್ಟಲೆ ಚಪ್ಪಟೆಯಾದ ಆ ನೆಲ ವೇಗದ ಹುಚ್ಚಿನ ಯುವಕರಿಗೆ ಪ್ರಕೃತಿಯೇ ಹಾಸಿಕೊಟ್ಟ ಓಟದ ಅಂಗಳವಾಯಿತು. ಅವರ ಓಟಗಳಿಗೆ ಕಾಲಮಾಪನದ ಶಿಸ್ತು ತಂದ ‘ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್’ 1937ರಲ್ಲಿ ಹುಟ್ಟಿತು. ವಾರವಿಡೀ ಕೆಲಸಕ್ಕೆ ಒಯ್ಯುವ ಕಾರನ್ನೇ ರಜೆಯ ದಿನ ಒಣಕೆರೆಗೆ ಓಡಿಸಿಕೊಂಡು ಹೋಗಿ, ಮಡ್‌ಗಾರ್ಡು ದೀಪಗಳನ್ನು ಬಿಚ್ಚಿಟ್ಟು ಓಡಿಸಿ, ಸಂಜೆ ಮತ್ತೆ ಜೋಡಿಸಿಕೊಂಡು ಮನೆಗೆ ಮರಳುತ್ತಿದ್ದವರು ಬಹಳ ಮಂದಿ.

ಅವರಿಗೆ ಕಚ್ಚಾ ಸಾಮಗ್ರಿ ಒದಗಿಸಿದವನು, ತನಗೇ ತಿಳಿಯದಂತೆ, ಹೆನ್ರಿ ಫೋರ್ಡ್. 1908ರಿಂದ 1927ರವರೆಗೆ ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳು ಅವನ ಕಾರ್ಖಾನೆಗಳಿಂದ ಹೊರಬಿದ್ದಿದ್ದವು. ಆನಂತರ ಮಾಡೆಲ್ ಎ. ಅದಾದಮೇಲೆ, ಮಹಾ ಆರ್ಥಿಕ ಕುಸಿತದ ನಡುವೆಯೇ, 1932ರ ಮಾರ್ಚ್ 31ರಂದು ವಿ-8 ಎಂಜಿನ್ನಿನ ಹೊಸ ಫೋರ್ಡ್ ಬಂತು. ಎಂಟು ಸಿಲಿಂಡರಿನ ವಿ-ಆಕಾರದ ಎಂಜಿನ್ ಅದುವರೆಗೆ ಸಿರಿವಂತರ ಕಾರುಗಳ ಸೊತ್ತು. ಫೋರ್ಡ್ ಅದರ ಮುಖ್ಯ ಭಾಗವನ್ನು ಒಂದೇ ಎರಕದಲ್ಲಿ ತೆಗೆದು 500 ಡಾಲರಿಗಿಂತ ಕಡಿಮೆ ಬೆಲೆಯ ಕಾರಿನಲ್ಲಿಟ್ಟ. ಸುಮಾರು 3.6 ಲೀಟರಿನ ಆ ಎಂಜಿನ್ನಿನ ಶಕ್ತಿ 65 ಅಶ್ವಬಲ. ಇಂದಿನ ಕಣ್ಣಿಗೆ ಅದು ಸಾಮಾನ್ಯವಾದರೂ ಅಂದಿನ ಹಗುರ ಕಾರಿಗೆ ದೊಡ್ಡ ವರ. ಹೆನ್ರಿಯ ಮಗ ಎಡ್ಸೆಲ್ ಫೋರ್ಡ್‌ನ ಅಭಿರುಚಿ ಆ ಕಾರಿನ ರೇಖೆಗಳಲ್ಲಿ ಮೂಡಿತ್ತು. ಚಾಸಿಯ ಪಕ್ಕದ ಪಟ್ಟಿಗಳು ಬಾಡಿಯ ಕೆಳಗೆ ಮರೆಯಾಗದೆ ಹೊರಗೆ ಕಾಣುತ್ತಿದ್ದವು, ಅವುಗಳ ಮೇಲೆ ನವುರಾದ ಉಬ್ಬುಗೆರೆಯೊಂದಿತ್ತು. ಮಡ್‌ಗಾರ್ಡು ಕಿತ್ತ ಮೇಲೂ ಕಾರು ಬತ್ತಲಾಗದೆ ಇನ್ನಷ್ಟು ಚೆಂದ ಕಂಡದ್ದು ಇದರಿಂದಲೇ. ಆ ರೂಪ ಬಾಳಿದ್ದು ಒಂದೇ ವರ್ಷ. 1933ಕ್ಕೆ ವಿನ್ಯಾಸ ಬದಲಾಯಿತು. ‘ಡ್ಯೂಸ್’ ಎಂಬ ಅಡ್ಡಹೆಸರಿನಿಂದ ಈ 1932ರ ಫೋರ್ಡ್ ಹಾಟ್ ರಾಡ್ ಲೋಕದ ಕುಲದೇವತೆಯಾಗಿ ಉಳಿಯಿತು.

ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯದಲ್ಲಿ ಯಂತ್ರವಿದ್ಯೆ ಕಲಿತ ಯುವಕರು ಕೈಯಲ್ಲಿ ಸ್ವಲ್ಪ ಹಣ, ಮನಸ್ಸಿನಲ್ಲಿ ತೀರದ ತಳಮಳ ಹೊತ್ತು ಊರಿಗೆ ಮರಳಿದರು. 1946ರಲ್ಲಿ ಬರ್ಬ್ಯಾಂಕ್‌ನಲ್ಲಿ ಅಲೆಕ್ಸ್ ಕ್ಸೈಡಿಯಾಸ್ ‘ಸೋ-ಕ್ಯಾಲ್ ಸ್ಪೀಡ್ ಶಾಪ್’ ತೆರೆದ. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ‘ಹಾಟ್ ರಾಡ್’ ಪತ್ರಿಕೆಯನ್ನು ಆರಂಭಿಸಿದ. 1949ರಲ್ಲಿ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಮೊದಲ ವೇಗದ ವಾರ ನಡೆಯಿತು. 1951ರಲ್ಲಿ ವಾಲಿ ಪಾರ್ಕ್ಸ್‌ನ ನೇತೃತ್ವದಲ್ಲಿ ರಾಷ್ಟ್ರಮಟ್ಟದ ಹಾಟ್ ರಾಡ್ ಸಂಘ ಹುಟ್ಟಿತು. ಗುಜರಿಯ ಅಂಗಳದ ಹವ್ಯಾಸ ಐದೇ ವರ್ಷಗಳಲ್ಲಿ ಒಂದು ಸಂಸ್ಕೃತಿಯಾಗಿ ಬೆಳೆದಿತ್ತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಇಂದು ಉಕ್ಕಿನ ಮೂಲ ಬಾಡಿಯನ್ನು ವಿಗ್ರಹದಂತೆ ಪೂಜಿಸುವ ಪರಂಪರೆಯ ಮೂಲಪುರುಷರಿಗೆ ಆ ಉಕ್ಕಿನ ಬಗ್ಗೆ ಭಕ್ತಿಯೇನೂ ಇರಲಿಲ್ಲ. ಅವರು ಗ್ಯಾಸಿನ ಜ್ವಾಲೆಯಿಂದ ಚಾವಣಿಯ ಕಂಬಗಳನ್ನು ಕೊಯ್ದು ಕೆಲವು ಅಂಗುಲ ತಗ್ಗಿಸಿದರು. ಬಾಡಿಯ ತಳವನ್ನು ಕತ್ತರಿಸಿ ಚಾಸಿಯ ಮೇಲೆ ಕೆಳಗಿಳಿಸಿದರು. ಫೋರ್ಡ್ ಕೊಟ್ಟದ್ದನ್ನು ಹಾಗೆಯೇ ಉಳಿಸಿಕೊಳ್ಳುವುದು ಅವರ ಪಾಲಿಗೆ ಸೋಲು. ಮೂಲವನ್ನು ಕೆಡಿಸುವುದರಿಂದಲೇ ಹುಟ್ಟಿದ ಕಲೆಗೆ ಮುಂದೆ ಮೂಲವೇ ಮಾನದಂಡವಾಯಿತು. ಈ ವಿರೋಧಾಭಾಸವನ್ನು ಮರೆತರೆ ಉಕ್ಕು ಮತ್ತು ಫೈಬರ್‌ಗ್ಲಾಸಿನ ಜಗಳ ಅರ್ಥವಾಗುವುದಿಲ್ಲ.

*

ಗಾಜಿನ ನಾರಿನ ಕಥೆ ಬೇರೊಂದು ಕಡೆಯಿಂದ ಬರುತ್ತದೆ. 1930ರ ದಶಕದಲ್ಲಿ ಓಹಾಯೋದ ಗಾಜಿನ ಕಂಪನಿಯೊಂದರಲ್ಲಿ ಗೇಮ್ಸ್ ಸ್ಲೇಟರ್ ಮತ್ತು ಅವನ ಸಂಗಡಿಗರು ಕರಗಿದ ಗಾಜನ್ನು ಸೂಕ್ಷ್ಮ ಎಳೆಗಳಾಗಿ ಹೇರಳವಾಗಿ ತೆಗೆಯುವ ವಿಧಾನವನ್ನು ರೂಢಿಗೆ ತಂದರು. 1938ರಲ್ಲಿ ಓವೆನ್ಸ್-ಕಾರ್ನಿಂಗ್ ಕಂಪನಿ ಸ್ಥಾಪನೆಯಾಯಿತು. ಮೊದಲು ಆ ನಾರು ಮನೆಗಳಲ್ಲಿ ಶಾಖ ತಡೆಯುವ ಹೊದಿಕೆಯಾಗಿ ಬಳಕೆಯಾಯಿತು. ಪಾಲಿಯೆಸ್ಟರ್ ರಾಳದೊಂದಿಗೆ ಬೆರೆತಾಗ ಅದಕ್ಕೆ ಹೊಸ ಗುಣ ಬಂತು. ಯುದ್ಧಕಾಲದಲ್ಲಿ ವಿಮಾನದ ಭಾಗಗಳಾದವು, ಯುದ್ಧಾನಂತರ ದೋಣಿಗಳಾದವು. ದೋಣಿ ಕಟ್ಟುತ್ತಿದ್ದ ಬಿಲ್ ಟ್ರಿಟ್ 1950ರ ದಶಕದ ಆರಂಭದಲ್ಲಿ ಅದೇ ವಿದ್ಯೆಯಿಂದ ‘ಗ್ಲಾಸ್‌ಪಾರ್’ ಕಾರಿನ ಬಾಡಿಯನ್ನು ಅಚ್ಚಿನಿಂದ ತೆಗೆದ. 1953ರಲ್ಲಿ ಷೆವ್ರೊಲೆ ಕಂಪನಿ ತನ್ನ ಕಾರ್ವೆಟ್ ಕಾರಿಗೆ ಫೈಬರ್‌ಗ್ಲಾಸ್ ಬಾಡಿಯನ್ನು ಆರಿಸಿಕೊಂಡಾಗ ಈ ವಸ್ತುವಿಗೆ ದೊಡ್ಡ ಮನೆತನದ ಮಾನ್ಯತೆ ಸಿಕ್ಕಿತು. ಆ ವರ್ಷ ತಯಾರಾದ ಕಾರ್ವೆಟ್‌ಗಳು ಕೇವಲ 300.

ಆ ಆಯ್ಕೆಯ ಹಿಂದಿನ ಲೆಕ್ಕ ಸರಳ. ಉಕ್ಕಿನ ತಗಡನ್ನು ಬಾಗಿಸಲು ಭಾರಿ ಒತ್ತುಯಂತ್ರ ಬೇಕು, ಒಂದೊಂದು ಭಾಗಕ್ಕೂ ಗಟ್ಟಿ ಲೋಹದ ಅಚ್ಚು ಬೇಕು. ಲಕ್ಷಗಟ್ಟಲೆ ಕಾರು ಮಾಡುವವನಿಗೆ ಮಾತ್ರ ಆ ಖರ್ಚು ಕೈಗೆಟುಕುತ್ತದೆ. ಫೈಬರ್‌ಗ್ಲಾಸಿಗಾದರೋ ಒಂದು ಶೆಡ್ಡು, ಒಂದು ಅಚ್ಚು, ಕುಂಚ, ರಾಳ ಮತ್ತು ತಾಳ್ಮೆ ಇದ್ದರೆ ಸಾಕು. ದೊಡ್ಡ ಬಂಡವಾಳದ ಕೈಯಲ್ಲಿದ್ದ ಆಕಾರದ ಅಧಿಕಾರ ಚಿಕ್ಕವರ ಕೈಗೆ ಬಂದದ್ದು ಹೀಗೆ.

ಆ ಅಧಿಕಾರವನ್ನು ಧೈರ್ಯವಾಗಿ ಬಳಸಿದವನು ಎಡ್ ರಾತ್. ವುಲ್ಫ್‌ನ ಪ್ರಬಂಧದಲ್ಲಿ ಬರುವ ಮುಖ್ಯ ವ್ಯಕ್ತಿಗಳಲ್ಲಿ ಅವನೂ ಒಬ್ಬ. 1959ರ ‘ಔಟ್‌ಲಾ’, 1961ರ ‘ಬೀಟ್ನಿಕ್ ಬ್ಯಾಂಡಿಟ್’ ಕಾರುಗಳಿಗಾಗಿ ರಾತ್ ಪ್ಲಾಸ್ಟರಿನಲ್ಲಿ ರೂಪ ಕೊರೆದು, ಗಾಜಿನ ನಾರು ಮತ್ತು ರಾಳದಿಂದ ಬಾಡಿ ತೆಗೆದ. ತಗಡು ಬಡಿಯುವ ಕಮ್ಮಾರಿಕೆಯಲ್ಲಿ ದಶಕಗಳ ಸಾಧನೆಯಿಲ್ಲದವನೂ ತನ್ನ ಕನಸಿನ ಆಕಾರವನ್ನು ಕಣ್ಣೆದುರು ನಿಲ್ಲಿಸಬಹುದೆಂದು ಅವನು ತೋರಿಸಿದ. ಗಮನಿಸಿ: ಹಾಟ್ ರಾಡ್ ಲೋಕದಲ್ಲಿ ಫೈಬರ್‌ಗ್ಲಾಸ್ ತನ್ನ ಮೊದಲ ಕೀರ್ತಿಯನ್ನು ಗಳಿಸಿದ್ದು ಯಾವುದರ ನಕಲೂ ಅಲ್ಲದ ರೂಪಗಳಲ್ಲಿ. ‘ನಕಲು’ ಎಂಬ ಕಳಂಕ ಅದಕ್ಕೆ ಅಂಟಿದ್ದು ಆಮೇಲೆ.

ಅಂಟಿದ್ದಕ್ಕೂ ಕಾರಣವಿದೆ. ಹಳೆಯ ಫೋರ್ಡ್‌ಗಳು ಮುಗಿಯುತ್ತ ಬಂದಿದ್ದವು. ಯುದ್ಧಕಾಲದ ಲೋಹ ಸಂಗ್ರಹಣೆಯಲ್ಲಿ ಎಷ್ಟೋ ಕಾರುಗಳು ಕರಗಿಹೋಗಿದ್ದವು. ಉಳಿದವನ್ನು ಹಿಮನಾಡಿನ ರಸ್ತೆಗೆ ಸುರಿಯುವ ಉಪ್ಪು ತಿಂದಿತು, ಓಟದ ಕಣಗಳು ನುಂಗಿದವು. 1958ರಲ್ಲಿ ಆರಂಭವಾದ ‘77 ಸನ್‌ಸೆಟ್ ಸ್ಟ್ರಿಪ್’ ಟಿ.ವಿ. ಧಾರಾವಾಹಿಯಲ್ಲಿ ನಾರ್ಮ್ ಗ್ರಬೋವ್‌ಸ್ಕಿಯ ಟಿ-ಬಕೆಟ್ ಕಾರು ಮನೆಮನೆಗೂ ಪರಿಚಯವಾದಾಗ, ಅಂಥದ್ದೊಂದು ತಮಗೂ ಬೇಕೆಂದವರ ಸಂಖ್ಯೆ ಏರಿತು. ಮಾಡೆಲ್ ಟಿಯ ಪುಟ್ಟ ಬಾಡಿಯನ್ನು ಫೈಬರ್‌ಗ್ಲಾಸಿನಲ್ಲಿ ತೆಗೆಯುವುದು ಸುಲಭ. ಅಲ್ಲಿಂದ ಮಾರಾಟದ ಬಾಡಿಗಳ ಕಾಲ ಶುರುವಾಯಿತು. 1970ರಲ್ಲಿ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಮೊದಲ ರಾಷ್ಟ್ರೀಯ ಸ್ಟ್ರೀಟ್ ರಾಡ್ ಮೇಳ ನಡೆಯಿತು. 1973ರಲ್ಲಿ ಜಾರ್ಜ್ ಲ್ಯೂಕಸ್ ನಿರ್ದೇಶಿಸಿದ ‘ಅಮೆರಿಕನ್ ಗ್ರಫೀಟಿ’ ಚಿತ್ರದ ಹಳದಿ ಡ್ಯೂಸ್ ಕೂಪೆ ಒಂದು ಇಡೀ ಪೀಳಿಗೆಯ ಯೌವನದ ಗುರುತಾಯಿತು. ಬೇಡಿಕೆ ಬೆಳೆಯುತ್ತಲೇ ಇತ್ತು, ಉಕ್ಕು ಬೆಳೆಯುವಂತಿರಲಿಲ್ಲ. ಆ ಅಂತರವನ್ನು ತುಂಬಿದ್ದು ಗಾಜಿನ ನಾರು. ಫೋರ್ಡ್ ಕಂಪನಿ 1932ರಲ್ಲಿ ತಯಾರಿಸಿದ್ದಕ್ಕಿಂತ ಹೆಚ್ಚು 1932ರ ಫೋರ್ಡ್‌ಗಳು ಇಂದು ರಸ್ತೆಯ ಮೇಲಿವೆ ಎಂಬ ಹಾಸ್ಯ ಆ ವಲಯದಲ್ಲಿ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ.

*

ಇನ್ನು ಆಯ್ಕೆಯ ಮಾತು. ಗ್ಯಾರೇಜಿನಲ್ಲಿ ಒಂದು ಡ್ಯೂಸ್ ಕಟ್ಟಬೇಕೆಂದು ಹೊರಟವನ ಮುಂದೆ ಎರಡು ದಾರಿಗಳಿವೆ ಎನ್ನೋಣ.

ಮೊದಲನೆಯದು ಹಳೆಯ ಉಕ್ಕು. ಕೊಟ್ಟಿಗೆಯ ಮೂಲೆಯಲ್ಲೋ ಹೊಲದ ಬದಿಯಲ್ಲೋ ದಶಕಗಳ ಕಾಲ ಬಿದ್ದಿದ್ದ ಬಾಡಿ ಮನೆಗೆ ಬರುತ್ತದೆ. ಬಣ್ಣ ಕೆರೆದಾಗ ಸತ್ಯ ಹೊರಬೀಳುತ್ತದೆ. ತಳದ ಅಡ್ಡಪಟ್ಟಿಗಳು, ಬಾಗಿಲಿನ ಕೆಳಅಂಚು, ಹಿಂಚಕ್ರದ ಸುತ್ತಿನ ತಿರುವು, ನೀರು ನಿಲ್ಲುವ ಕಡೆಯೆಲ್ಲ ತಗಡು ಜರಡಿಯಾಗಿರುತ್ತದೆ. ಅಲ್ಲಿ ಕೊಳೆತದ್ದನ್ನು ಕತ್ತರಿಸಿ ಹೊಸ ತೇಪೆಯನ್ನು ಬೆಸೆಯಬೇಕು. ಬೆಸುಗೆಯ ಬಿಸಿಗೆ ತೆಳು ತಗಡು ಸೊಟ್ಟಗಾಗುತ್ತದೆ. ಸುತ್ತಿಗೆ ಮತ್ತು ಅಡಿಗಟ್ಟಿಯ ನಡುವೆ ಇಟ್ಟು, ಕಾಯಿಸಿ ತಣಿಸಿ, ಅದನ್ನು ಮತ್ತೆ ದಾರಿಗೆ ತರಬೇಕು. ಈ ಟಿಂಕರಿಂಗ್ ವಿದ್ಯೆ ಪುಸ್ತಕದಿಂದ ಬರುವುದಿಲ್ಲ, ಬಲ್ಲವರು ಕಡಿಮೆ, ಅವರ ಕೂಲಿ ದುಬಾರಿ. ವರ್ಷಗಳು ಉರುಳುತ್ತವೆ. ಎಷ್ಟೋ ಕಾರುಗಳು ಅರ್ಧಕ್ಕೇ ನಿಂತು, ಮಾಲೀಕನ ನಂತರ ಮಕ್ಕಳ ಕೈಯಿಂದ ಮಾರಾಟವಾಗುತ್ತವೆ.

ಎರಡನೆಯದು ಫೈಬರ್‌ಗ್ಲಾಸ್. ತುಕ್ಕಿಲ್ಲ, ತೇಪೆಯಿಲ್ಲ, ಕೆಲಸ ಬೇಗ ಸಾಗುತ್ತದೆ, ಮೂಲ ಬಾಡಿಗಿಂತ ವೆಚ್ಚ ಕಡಿಮೆ. ಆದರೆ ಇದಕ್ಕೂ ತನ್ನದೇ ಆದ ಕಾಟಗಳಿವೆ. ರಾಳ ಪೂರ್ತಿ ಹದಕ್ಕೆ ಬರುವ ಮೊದಲೇ ಬಣ್ಣ ಬಳಿದರೆ, ಬಿಸಿಲಿನಲ್ಲಿ ಒಳಗಿನ ನಾರಿನ ನೇಯ್ಗೆ ಬಣ್ಣದ ಮೇಲೆ ಮೂಡುತ್ತದೆ. ಒಳಗೆ ಮರದ ಅಥವಾ ಉಕ್ಕಿನ ಕೊಳವೆಯ ಹಂದರ ಸರಿಯಾಗಿಲ್ಲದಿದ್ದರೆ ಬಾಗಿಲು ಜೋಲುತ್ತದೆ, ಮೂಲೆಗಳಲ್ಲಿ ಜೇಡರ ಬಲೆಯಂಥ ಸೀಳುಗಳು ಕಾಣಿಸಿಕೊಳ್ಳುತ್ತವೆ. ಹಂದರ ಗಟ್ಟಿಯಾಗಿದ್ದರೆ ‘ಹಗುರ’ ಎಂಬ ಹೆಗ್ಗಳಿಕೆಯ ಒಂದು ಪಾಲು ಕರಗುತ್ತದೆ. ಉಕ್ಕಿನ ಬಾಡಿಯೇ ವಿದ್ಯುತ್ತಿಗೆ ಮರಳುದಾರಿಯಾಗುವಂತೆ ಫೈಬರ್‌ಗ್ಲಾಸ್ ಆಗದು. ಪ್ರತಿಯೊಂದು ದೀಪಕ್ಕೂ ಬೇರೆ ತಂತಿ ಎಳೆಯಬೇಕು. ಡಿಕ್ಕಿಯಾದಾಗ ಉಕ್ಕು ನುಗ್ಗಾಗುತ್ತದೆ, ಫೈಬರ್‌ಗ್ಲಾಸ್ ಒಡೆಯುತ್ತದೆ. ಬಾಗಿಲು ಮುಚ್ಚುವಾಗಿನ ಸದ್ದೂ ಬೇರೆ. ಆ ಸದ್ದಿಗಾಗಿಯೇ ಉಕ್ಕನ್ನು ಆರಿಸುವವರಿದ್ದಾರೆ.

ಈ ತಾಂತ್ರಿಕ ತಕ್ಕಡಿಯಲ್ಲಿ ಎರಡೂ ಹೆಚ್ಚುಕಡಿಮೆ ತೂಗುತ್ತವೆ. ತಕ್ಕಡಿಯನ್ನು ವಾಲಿಸುವುದು ಇತಿಹಾಸದ ಭಾರ. ಈ ತಗಡು 1932ರಲ್ಲಿ ಇತ್ತು ಎಂಬ ಅರಿವಿಗೆ ಬೆಲೆ ಕಟ್ಟುವುದು ಹೇಗೆ?

ಆದರೆ ಆ ಅರಿವೂ ಅಂದುಕೊಂಡಷ್ಟು ಶುದ್ಧವಲ್ಲ. ಆಯಸ್ಕಾಂತದ ಪರೀಕ್ಷೆಗೆ ಮರಳೋಣ. ಅದು ನಿಜಕ್ಕೂ ಬಳಕೆಗೆ ಬರುವುದು ಫೈಬರ್‌ಗ್ಲಾಸನ್ನು ಗುರುತಿಸಲು ಅಲ್ಲ, ಅದನ್ನು ಬೆರಳಿನಿಂದ ತಟ್ಟಿದರೂ ತಿಳಿಯುತ್ತದೆ. ಉಕ್ಕಿನ ಕಾರಿನ ಮೈಯಲ್ಲಿ ಎಲ್ಲೆಲ್ಲಿ ಪುಟ್ಟಿ ಮೆತ್ತಲಾಗಿದೆ ಎಂದು ಕಂಡುಹಿಡಿಯುವುದೇ ಅದರ ಮುಖ್ಯ ಉಪಯೋಗ. ಹಿಂದೆ ತಗ್ಗುಗಳನ್ನು ಸೀಸದಿಂದ ತುಂಬುತ್ತಿದ್ದರು. 1950ರ ದಶಕದಿಂದೀಚೆಗೆ ಆ ಜಾಗಕ್ಕೆ ಪ್ಲಾಸ್ಟಿಕ್ ಪುಟ್ಟಿ ಬಂತು. ಆ ಪುಟ್ಟಿಯ ಜೀವಾಳವೂ ಪಾಲಿಯೆಸ್ಟರ್ ರಾಳವೇ. ‘ಅಪ್ಪಟ ಉಕ್ಕು’ ಎಂದು ಮೆರೆಯುವ ಎಷ್ಟೋ ಕಾರುಗಳು ತಮ್ಮ ಚರ್ಮದ ಕೆಳಗೆ ಎದುರಾಳಿಯ ರಕ್ತವನ್ನೇ ಹೊತ್ತು ನಿಂತಿವೆ.

ಇತ್ತ ಫೈಬರ್‌ಗ್ಲಾಸ್ ಬಾಡಿಯೂ ಪೂರ್ತಿ ಅನಾಥವಲ್ಲ. ಅದರ ಅಚ್ಚನ್ನು ಸಾಮಾನ್ಯವಾಗಿ ತೆಗೆಯುವುದು ಯಾವುದೋ ಒಂದು ನಿಜವಾದ ಉಕ್ಕಿನ ಬಾಡಿಗೆ ಮೇಣ ಸವರಿ, ಅದರ ಮೇಲೆ ರಾಳ ಮತ್ತು ನಾರನ್ನು ಪದರ ಪದರವಾಗಿ ಹಾಸಿ. ಅಚ್ಚು ಅವಿವೇಕಿ, ಕಂಡದ್ದನ್ನೆಲ್ಲ ನೆನಪಿಡುತ್ತದೆ. ಮೂಲದಲ್ಲಿ ಒಂದು ತಗ್ಗು ಉಳಿದಿದ್ದರೆ ಅದರಿಂದ ಹೊರಬಂದ ಪ್ರತಿಯೊಂದು ಮೈಯಲ್ಲೂ ಅದೇ ತಗ್ಗು. ಆ ಮೂಲ ಕಾರು ಎಂದೋ ಗುಜರಿ ಸೇರಿರಬಹುದು, ಅದರ ಮೈಯ ಗುರುತು ಮಾತ್ರ ಗಾಜಿನ ನಾರಿನಲ್ಲಿ ಊರೂರು ಸುತ್ತುತ್ತಿರುತ್ತದೆ. ಓಲೆಗರಿಯ ಪ್ರತಿಕಾರರ ತಪ್ಪುಗಳನ್ನು ಹಿಡಿದೇ ಗ್ರಂಥಸಂಪಾದಕರು ಮೂಲಪ್ರತಿಯ ಜಾಡನ್ನು ಹುಡುಕುವುದು ನೆನಪಾಗುತ್ತದೆ.

ಇವೆರಡರ ನಡುವೆ ಮೂರನೆಯ ಪಕ್ಷವೂ ಬಂದಿದೆ. ಓಹಾಯೋದ ಬ್ರೂಕ್‌ವಿಲ್ ಊರಿನ ಕಂಪನಿಯೊಂದು ಒತ್ತುಯಂತ್ರಗಳನ್ನಿಟ್ಟುಕೊಂಡು ಮಾಡೆಲ್ ಎ ಮತ್ತು 1932ರ ಫೋರ್ಡ್ ರೋಡ್‌ಸ್ಟರಿನ ಬಾಡಿಗಳನ್ನು ಹೊಸ ಉಕ್ಕಿನಲ್ಲೇ ತಯಾರಿಸತೊಡಗಿತು. ಅದಕ್ಕೆ ಆಯಸ್ಕಾಂತ ಚೆನ್ನಾಗಿಯೇ ಅಂಟುತ್ತದೆ. ಆದರೆ ಅದು ಆರ್ಥಿಕ ಕುಸಿತವನ್ನು ಕಂಡಿಲ್ಲ, ಒಣಕೆರೆಯ ಧೂಳು ಕುಡಿದಿಲ್ಲ. ಈಗ ವಾದ ಇಕ್ಕಟ್ಟಿಗೆ ಸಿಕ್ಕಿತು. ಪೂಜೆ ಸಲ್ಲುತ್ತಿದ್ದುದು ಉಕ್ಕೆಂಬ ವಸ್ತುವಿಗೋ, ಅದರ ವಯಸ್ಸಿಗೋ? ಹೊಸ ಉಕ್ಕಿನ ಕಾರು ಬಂದಮೇಲೆ ಈ ಪ್ರಶ್ನೆಯನ್ನು ಮುಂದೂಡುವಂತಿಲ್ಲ.

*

‘ಮಿಲಿಂದ ಪನ್ಹ’ದಲ್ಲಿ ಭಿಕ್ಷು ನಾಗಸೇನ ಯವನ ರಾಜನಿಗೆ ಕೇಳುವ ಪ್ರಶ್ನೆ ಪ್ರಸಿದ್ಧ. ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ, ಎಲ್ಲವೂ ಕೂಡಿದಾಗ ಸಲ್ಲುವ ಒಂದು ಹೆಸರು ರಥ. ಕ್ಯಾಲಿಫೋರ್ನಿಯಾದ ವಾಹನ ನೋಂದಣಿ ಕಚೇರಿಯ ಗುಮಾಸ್ತನಿಗೆ ಈ ಉತ್ತರದಿಂದ ಸಮಾಧಾನವಾಗದು. ಅವನಿಗೆ ಅರ್ಜಿಯಲ್ಲಿ ವರ್ಷ ಬರೆಯಲೇಬೇಕು. ಹಳೆಯ ಫೋರ್ಡ್‌ಗಳ ಗುರುತಿನ ಸಂಖ್ಯೆಯನ್ನು ಕೊರೆಯುತ್ತಿದ್ದುದು ಚಾಸಿಯ ಮೇಲೆ, ಬಾಡಿಯ ಮೇಲಲ್ಲ. ಮೂಲ ಚಾಸಿಯ ಮೇಲೆ ಫೈಬರ್‌ಗ್ಲಾಸ್ ಕೂತರೆ ಅದು 1932ರ ಕಾರೇ? ಮೂಲ ಬಾಡಿಯ ಕೆಳಗೆ ಹೊಸ ಚಾಸಿ ಬಂದರೆ? ಬೇರೆ ಬೇರೆ ರಾಜ್ಯಗಳು ಬೇರೆ ಬೇರೆ ಉತ್ತರ ಕೊಡುತ್ತವೆ. ಕ್ಯಾಲಿಫೋರ್ನಿಯಾ 2001ರಲ್ಲಿ ಒಂದು ಕಾಯಿದೆ ತಂದು, ಹೀಗೆ ವಿಶೇಷವಾಗಿ ಕಟ್ಟಿದ ಕಾರುಗಳ ಪೈಕಿ ವರ್ಷಕ್ಕೆ 500ಕ್ಕೆ, ಅವು ಯಾವ ವರ್ಷದ ಕಾರನ್ನು ಹೋಲುತ್ತವೆಯೋ ಆ ವರ್ಷದ ಹೊಗೆ ನಿಯಮವನ್ನು ಅನ್ವಯಿಸಿಕೊಳ್ಳಲು ಅವಕಾಶ ಕೊಟ್ಟಿತು. ‘ಹೋಲಿಕೆ’ಗೆ ಕಾನೂನಿನ ಸ್ಥಾನ ಸಿಕ್ಕಿತು, ಆದರೆ ‘ಇದು ವಿಶೇಷವಾಗಿ ಕಟ್ಟಿದ ವಾಹನ’ ಎಂಬ ಘೋಷಣೆಯೊಂದಿಗೆ. ನನಗೆ ಇದು ಬಹಳ ಹಿಡಿಸಿತು. ನಕಲು ಪ್ರತಿಯ ಮೇಲೆ ‘ನಕಲು’ ಎಂಬ ಮುದ್ರೆ ಇದ್ದರೆ ಅದು ಮಾನ್ಯ ದಾಖಲೆ. ಮುದ್ರೆಯನ್ನು ಅಳಿಸಿದರೆ ಅದೇ ಕಾಗದ ವಂಚನೆ.

ಉಕ್ಕಿನ ಪರವಾಗಿಯೂ ಒಂದು ನ್ಯಾಯವಾದ ಮಾತಿದೆ. 1997ರಲ್ಲಿ ಪೆಬಲ್ ಬೀಚಿನ ಪ್ರತಿಷ್ಠಿತ ಕಾರು ಪ್ರದರ್ಶನ ಮೊದಲ ಬಾರಿಗೆ ಹಾಟ್ ರಾಡ್‌ಗಳಿಗೆ ಬಾಗಿಲು ತೆರೆಯಿತು. ಆ ವಿಭಾಗದಲ್ಲಿ ಗೆದ್ದದ್ದು ಡೋನ್ ಸ್ಪೆನ್ಸರ್ 1940ರ ದಶಕದಲ್ಲಿ ರೂಪಿಸಿದ್ದ 1932ರ ರೋಡ್‌ಸ್ಟರ್. ಅದರ ಜೀರ್ಣೋದ್ಧಾರ ಮಾಡಿದವರು ಅದನ್ನು ಫೋರ್ಡ್ ಕಾರ್ಖಾನೆಯಿಂದ ಹೊರಬಂದ ಸ್ಥಿತಿಗೆ ಮರಳಿಸಲಿಲ್ಲ, ಸ್ಪೆನ್ಸರ್ ತಿದ್ದಿದ ರೂಪಕ್ಕೆ ಮರಳಿಸಿದರು. ಅಲ್ಲಿ ‘ಮೂಲ’ ಎಂದರೆ ಒಬ್ಬ ಮನುಷ್ಯನ ಕೈಗೆಲಸದ ಗುರುತು. ಅಂಥ ಬೆಸುಗೆಯ ಗಾಯಗಳನ್ನು ಯಾವ ಅಚ್ಚೂ ಸೃಷ್ಟಿಸಲಾರದು, ಹೆಚ್ಚೆಂದರೆ ಅನುಕರಿಸೀತು. ಆ ಉಕ್ಕು ದಾಖಲೆ. ಅದನ್ನು ಉಳಿಸಲೇಬೇಕು.

ಹಾಗಾದರೆ ಆಯ್ಕೆ ಯಾವುದು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಾಗುತ್ತ ಬಂದಿದೆ. ಇನ್ನೂ ಕತ್ತರಿ ತಾಗದ ಹಳೆಯ ಬಾಡಿ ಸಿಕ್ಕರೆ ಅದನ್ನು ಕೊಯ್ಯಬಾರದು. 1948ರ ಯುವಕನಿಗಿದ್ದ ಸಮೃದ್ಧಿಯ ನೆಪ ಇಂದಿನವರಿಗಿಲ್ಲ. ಯಾರೋ ಹಿಂದೆಯೇ ಕೊಯ್ದು ಕಟ್ಟಿದ್ದಾದರೆ ಅವರ ಕೈಯನ್ನು ಗೌರವಿಸಿ ಹಾಗೆಯೇ ಇಡಬೇಕು. ಚಾವಣಿ ತಗ್ಗಿಸುವ, ವೇಗದಲ್ಲಿ ಓಡಿಸುವ, ಮಕ್ಕಳನ್ನು ಕೂರಿಸಿಕೊಂಡು ಊರು ಸುತ್ತುವ ಆಸೆ ಇದ್ದವರು ಫೈಬರ್‌ಗ್ಲಾಸನ್ನು ಸಂಕೋಚವಿಲ್ಲದೆ ಆರಿಸಿಕೊಳ್ಳಲಿ. ಹಾಗೆ ಕಟ್ಟಿದ ಪ್ರತಿಯೊಂದು ಫೈಬರ್‌ಗ್ಲಾಸ್ ಕಾರು ಎಲ್ಲೋ ಒಂದು ಉಕ್ಕಿನ ಬಾಡಿಯನ್ನು ಗರಗಸದಿಂದ ಪಾರುಮಾಡಿರುವ ಸಾಧ್ಯತೆಯಿದೆ. ಹಣವಿಲ್ಲದ ಹುಡುಗ ಗುಜರಿಯಿಂದ ತಂದು ಕಟ್ಟಿದ ಕಾರಿನ ಪರಂಪರೆ ಹಣವಂತರ ಸಂಗ್ರಹಾಲಯಗಳಲ್ಲಿ ಮುಗಿದುಹೋಗದಂತೆ ನೋಡಿಕೊಂಡದ್ದೂ ಆ ಅಗ್ಗದ ಗಾಜಿನ ನಾರೇ.

ಮಾರುವ ದಿನ ಬಂದಾಗ ಮಾತ್ರ ಒಂದು ಕೆಲಸ ಮಾಡಬೇಕು. ಕೊಳ್ಳುವವನು ಜೇಬಿಗೆ ಕೈಹಾಕುವ ಮೊದಲೇ ಮಾಲೀಕ ತಾನಾಗಿ ಹೇಳಬೇಕು: ಇದು ಫೈಬರ್‌ಗ್ಲಾಸು, ನಾನೇ ಕಟ್ಟಿದ್ದು.